ಅರ್ಥ ಸರಿ ಮಾಡಿದ್ದು

ಗುರುವಾರ ಬೆಳಿಗ್ಗೆ, ಷಟರ್ ಅರ್ಧ ಎತ್ತಿದ್ದೆ ಅಷ್ಟೆ,
ಸ್ಯಾಂಟ್ರೋ ಬಂದು ನಿಂತಿತು.
ಹಾರ್ನ್ ಇಲ್ಲ. ನೈಟ್ ಡ್ಯೂಟಿ ಮುಗಿಸಿದ ರೋಸ್‌ಲಿನ್ ಸಿಸ್ಟರ್
ಕಿಟಕಿ ಇಳಿಸಿ ಹೇಳಿದ್ದು ಇಷ್ಟೇ:
"ಇನ್ನೂ ಉರೀತಿದೆ ಅಣ್ಣ."

ಬೈದಿದ್ದರೆ ಚೆನ್ನಾಗಿತ್ತು.
ವಿಲ್ಸನ್ ಗಾರ್ಡನ್ ಹತ್ತನೇ ಕ್ರಾಸಿನಲ್ಲಿ ಇಪ್ಪತ್ತೆರಡು ವರ್ಷ
ಬೈಗುಳ ತಿಂದು ಗಟ್ಟಿಯಾದ ಚರ್ಮ ನನ್ನದು.
ಆ ಮೆಲುದನಿಗೆ ತಯಾರಿರಲಿಲ್ಲ.

ಸೋಮವಾರ ಆಲ್ಟರ್ನೇಟರ್ ಬದಲಿಸಿದ್ದೆ.
ಜೆ.ಸಿ. ರಸ್ತೆಯ ರೀಕಂಡೀಷನ್ ಮಾಲು, ಆರು ತಿಂಗಳ ಗ್ಯಾರಂಟಿ,
ಬೆಲ್ಟೂ ಹೊಸದು.
ನಾಲ್ಕು ಸಾವಿರದ ಇನ್ನೂರು, ಎಣಿಸಿ ಕೊಟ್ಟಿದ್ದರು,
ನೂರರ ನೋಟುಗಳೇ ಜಾಸ್ತಿ.

ಕೀಲಿ ತಿರುವಿದೆ. ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು.
ಹತ್ತಲೇಬೇಕು. ಹತ್ತದಿದ್ದರೆ ಅದು ಬೇರೆ ಕಾಯಿಲೆ.
ಇಂಜಿನ್ ಎದ್ದಿತು. ಈಗ ಆರಬೇಕು.
ಆರಿದಂತೆ ಮಾಡಿತು.
ಅಂಗೈ ಅಡ್ಡ ಹಿಡಿದು ಬಿಸಿಲು ಮರೆಮಾಡಿ ನೋಡಿದರೆ
ಬೂದಿಯೊಳಗಿನ ಕೆಂಡದ ಹಾಗೆ, ಅಲ್ಲೇ ಇದೆ.

"ಹಗಲು ಕಾಣಲ್ಲ," ಅಂದರು ಸಿಸ್ಟರ್.
"ಡೈರಿ ಸರ್ಕಲ್ ಫ್ಲೈಓವರ್ ಹತ್ತಿರ ಹೆಡ್‌ಲೈಟ್ ಹಾಕಿದರೆ ಜೋರಾಗುತ್ತೆ.
ವೈಪರ್ ಹಾಕಿದರೆ ಇನ್ನೂ."
ರೋಗ ಹೇಳುವುದು ಗೊತ್ತಿತ್ತು ಅವರಿಗೆ:
ಯಾವಾಗ, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚು.

ಈ ದೀಪದ ಒಂದು ಕಾಲು ಬ್ಯಾಟರಿ ಮನೆಯಲ್ಲಿ,
ಇನ್ನೊಂದು ಆಲ್ಟರ್ನೇಟರ್ ಮನೆಯಲ್ಲಿ.
ಎರಡೂ ಸಮ ಇದ್ದರೆ ಕತ್ತಲು, ಅದೇ ಕ್ಷೇಮ.
ಒಂದು ತಗ್ಗಿದರೆ ಉರಿ.
ಸುಳ್ಳು ಹೇಳುವ ಜಾತಿಯಲ್ಲ.
ಯಾರದು ತಪ್ಪು ಅಂತಲೂ ಹೇಳುವುದಿಲ್ಲ.

ಮೀಟರ್ ಹಿಡಿದೆ. ಆಲ್ಟರ್ನೇಟರ್ ಬೆನ್ನಲ್ಲಿ ಹದಿನಾಲ್ಕು ಪಾಯಿಂಟ್ ಎರಡು,
ಬ್ಯಾಟರಿಗೆ ಬರುವಷ್ಟರಲ್ಲಿ ಹನ್ನೆರಡು ಪಾಯಿಂಟ್ ಎಂಟು.
ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ.
"ಫ್ಯೂಸ್ ಇರಬೌದು," ಅಂದ ಸೆಲ್ವ. ನೋಡಿದೆವು. ಅಲ್ಲ.
ದಪ್ಪ ಕೆಂಪು ವೈರು ಬಿಗಿಯಾಗಿತ್ತು. ಕಪ್ಲರ್ ಕೂತಿತ್ತು.
ಜೆ.ಸಿ. ರಸ್ತೆಯನ್ನು ಇಡಿಯಾಗಿ ಬೈದೆ.
ಕೇಳದೆಯೇ ಟಾರ್ಚ್ ಹಿಡಿದಿದ್ದರು ಸಿಸ್ಟರ್,
ಹನ್ನೆರಡು ಗಂಟೆ ನಿಂತು ಬಂದ ಕೈ, ನಡುಗಲಿಲ್ಲ.

ಕೊನೆಗೆ ಒಂದು ಸೂಜಿ ಬ್ಯಾಟರಿ ಮೈನಸ್ಸಿಗೆ, ಒಂದು ಇಂಜಿನ್ ಮೈಗೆ.
ಸೊನ್ನೆ ಇರಬೇಕಾದ ಕಡೆ ಒಂದು ಪಾಯಿಂಟ್ ನಾಲ್ಕು.

ಇಂಜಿನ್ನನ್ನು ಬಾಡಿಗೆ ಕಟ್ಟುವ ಹೆಣೆದ ತಾಮ್ರದ ಪಟ್ಟಿ,
ಅದರ ಬೋಲ್ಟ್ ಬಿಚ್ಚಿದೆ.
ಕೆಳಗೆ ಕಪ್ಪು ಪೇಂಟು, ನುಣ್ಣಗೆ, ಎರಡು ಕೋಟು.
ನನ್ನದೇ ಬ್ರಷ್ಷು.
ಸೋಮವಾರ ಅಲ್ಲಿ ತುಕ್ಕು ಕಂಡು ಪುಕ್ಕಟೆ ಬಳಿದಿದ್ದೆ,
ಹೊರಡುವಾಗ ಸಿಸ್ಟರಿಗೆ ತೋರಿಸಿಯೂ ಇದ್ದೆ, ನೋಡಿ ಹೇಗಿದೆ ಅಂತ.
ಮನುಷ್ಯರ ಕಣ್ಣಿಗೆ ಅಲಂಕಾರ,
ಕರೆಂಟಿಗೆ ಗೋಡೆ.

ಎಮರಿ ಪೇಪರಿನಲ್ಲಿ ಉಜ್ಜಿದೆ, ಬೆಳ್ಳಗೆ ಕಬ್ಬಿಣ ಕಾಣುವ ತನಕ.
ಬಿಗಿದೆ. ಕೀಲಿ. ದೀಪ. ಇಂಜಿನ್.
ಅಂಗೈ ಅಡ್ಡ ಹಿಡಿದು ಮೂವರೂ ಬಗ್ಗಿ ನೋಡಿದೆವು,
ಏನೂ ಇರಲಿಲ್ಲ.

"ಅರ್ತ್" ಎಂದು ಬರೆಯಲು ಬಾರದು ಸೆಲ್ವನಿಗೆ.
ಬಿಲ್ ಪುಸ್ತಕದಲ್ಲಿ "ಅರ್ಥ ಸರಿ ಮಾಡಿದ್ದು" ಎಂದು ಗೀಚಿ
ಎಷ್ಟು ಎಂಬಂತೆ ನನ್ನ ಮುಖ ನೋಡಿದ.
ಗೆರೆ ಹೊಡಿ ಅಂದೆ.

ಸಿಸ್ಟರ್ ಹೋದರು.
ಮಧ್ಯಾಹ್ನ ಊಟದ ಡಬ್ಬಿಗೆ ಬಗ್ಗಿದಾಗ ಬೆಂಚಿನ ಕೆಳಗೆ
ಅವರ ಹಳೇ ಆಲ್ಟರ್ನೇಟರ್,
ಗುಜರಿಯ ಕಮಾಲ್ ಶನಿವಾರ ಬರುವುದನ್ನು ಕಾಯುತ್ತಾ.
ಅಲ್ಲ, ತುಕ್ಕು ಮೊದಲೇ ಇತ್ತಲ್ಲ?

ಡಬ್ಬಿ ಮುಚ್ಚಿ, ಟೆಸ್ಟ್ ಬೆಂಚಿಗೆ ಕಟ್ಟಿ ತಿರುಗಿಸಿದೆ.
ಹದಿನಾಲ್ಕು ಪಾಯಿಂಟ್ ಒಂದು.
ಮೀಟರ್ ಬದಲಿಸಿ ತಿರುಗಿಸಿದೆ.
ಹದಿನಾಲ್ಕು ಪಾಯಿಂಟ್ ಒಂದು.

ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.
ರಾತ್ರಿಯೆಲ್ಲ ಎದ್ದಿದ್ದವರು, ಮಲಗಿರುತ್ತಾರೆ.
ಐದಕ್ಕೆ ಮಾಡುತ್ತೇನೆ.
ಸೆಲ್ವನಿಗೂ ಹೇಳಿಟ್ಟಿದ್ದೇನೆ, ಐದಕ್ಕೆ,
ನಾನು ಮರೆತಂತೆ ಮಾಡಿದರೆ
ನೆನಪಿಸು ಅಂತ.