ಹನ್ನೊಂದು ಎಂಬಿ ಕುಬಸ

ನಿಪ್ಪಾಣಿಯ ಶೇವಂತಾಬಾಯಿ ಕಳಿಸಿದ ಫೋಟೋ
ಗುಳೇದಗುಡ್ಡದ ನನ್ನ ಮಗ್ಗದ ಮನಿಗೆ ಬಂದು ಮುಟ್ಟಿದಾಗ
ಹೂವು ಹೂವಾಗಿರಲಿಲ್ಲ, ಅಂಬಲಿ ಆಗಿತ್ತು.
ಎರಡು ಬೆರಳಿಟ್ಟು ಹಿಗ್ಗಿಸಿದೆ.
ಹಿಗ್ಗಿಸಿದಷ್ಟೂ ಚೌಕ ಚೌಕ ಒಡೀತು
ಹಳೇ ಗ್ವಾಡಿ ಗಿಲಾವು ಉದುರಿದಂಗ.

"ನಮ್ಮವ್ವನ ಕುಬಸರಿ. ನಲವತ್ತು ವರ್ಷದ್ದು.
ಇಂಥಾದ್ದ ಒಂದು ಖಣ ನೇಯ್ದು ಕೊಡ್ರಿ.
ಪೋಸ್ಟಿಗೆ ಹಾಕಾಕ ಜೀವ ಬರವಲ್ದು,
ದಾರ್ಯಾಗ ಕಳದ್ರ?"

ಕುಬಸ ಬರಾಂಗಿಲ್ಲ.
ಆದರ ಎಳಿ ಬರಬೇಕು,
ಎಳಿ ಎಳಿ ನಡುವಿನ ಸಂದಿ ಬರಬೇಕು.
ಆಕಿ ಮತ್ತ ಕಳಿಸಿದಳು, ತಂಗಿ ಫೋನಿನಿಂದ,
ತಂಗಿ ಮಗನ ಫೋನಿನಿಂದ.
ಮನಿ ಮನಿ ದಾಟಿ ಬಂದ ಹಾಲಿನಂಗ
ಒಂದೊಂದು ಕಡೆ ಒಂದೊಂದು ತಂಬಿಗಿ ನೀರು ಬೆರೀತು.

ಮೊಬೈಲ್ ಅಂಗಡಿ ದಾವಲಸಾಬ ನಕ್ಕ.
"ಕಾಕಾ, ಅದು ಹಿಂಡಿ ಕಳಸತೈತಿ, ತೊಯ್ದ ಅರಬಿ ಹಿಂಡಿದಂಗ.
ಲಿಂಕ್ ಮಾಡಿ ಕಳಸಾಕ ಹೇಳ್ರಿ ಅಕ್ಕಾರಿಗೆ.
ಫೋಟೋ ಮ್ಯಾಲ ಒಂದು ಕಡೆ ಇಟ್ಟದ್ದು ಇಟ್ಟಂಗ ಇರತೈತಿ.
ನಿಮಗ ಬರೂದು ಬರೇ ಬಾಗಲದ ಕೀಲಿ."

ಕೀಲಿ ಬಂತು. ಎರಡು ಸಾಲು ಇಂಗ್ಲಿಷು,
ಬೆಲ್ಲಕ್ಕ ಹೊಂಟ ಇರಿವಿ ಸಾಲು.
ಮುಟ್ಟಿದೆ.
ನಿಮಗ ಅನುಮತಿ ಇಲ್ಲ, ಕೇಳ್ರಿ ಅಂತು.

ಹನ್ನೆರಡನೇ ವರ್ಷಕ್ಕ ಮಗ್ಗದ ಕುಣ್ಯಾಗ ಇಳಿಬಿಟ್ಟ ಕಾಲು
ಇವತ್ತಿಗೂ ಅಲ್ಲೇ ಅದಾವ.
ಎಷ್ಟು ಸಾವಿರ ಖಣ, ಯಾರ್‍ಯಾರ ಮೈಗೋ,
ಒಬ್ಬಾಕಿನ್ನೂ ಏನೂ ಕೇಳಿದವನಲ್ಲ.
ಇವತ್ತು ಕೇಳಿದೆ.
ಕೇಳೂದ ಸರಿ ಅನಿಸ್ತು.
ಯಾರದೋ ತಾಯಿ ಕುಬಸ ಅದು.

ಆಕಿ ಒಳಗ ಬಿಟ್ಟಳು. ಹನ್ನೊಂದು ಎಂಬಿ.
ಗುಂಡಗ ಸುತ್ತಿತು, ಸುತ್ತಿತು, ಕಂಡಿಕಿ ಸುತ್ತೂ ರಾಟಿಯಂಗ.
ಹೆಂಡತಿ ತನ್ನ ರಾಟಿ ನಿಲ್ಲಿಸಿ ಹಿಂದ ಬಂದು ನಿಂತಳು.
ಆಮ್ಯಾಲ ಬಿಚ್ಚಿತು ನೋಡ್ರಿ.

ಹಾಸು ರೇಶಿಮಿ, ಹೊಕ್ಕು ನೂಲು,
ಕರೇದರ ಮ್ಯಾಲ ಕುಸುಬಿ ಹೂವಿನ ಬಣ್ಣ.
ಹಿಗ್ಗಿಸಿದೆ, ಒಡೀಲಿಲ್ಲ. ಇನ್ನೂ ಹಿಗ್ಗಿಸಿದೆ.
ಎಳಿ ಎಳಿಯಾಗೇ ನಿಂತಿತ್ತು, ಮೈಮ್ಯಾಲಿನ ಜುಂಗು ಸಮೇತ.
ಹೂವಿಗೆ ಇಪ್ಪತ್ತಮೂರು, ದೇಟಿಗೆ ಐದು.
ಆರು, ಅಂದಳು ಹೆಂಡತಿ.
ಮತ್ತ ಎಣಿಸಿದೆ. ಆರು.

ಖಣ ಓದೂದು ಬೆನ್ನಿನಿಂದ. ಬೆನ್ನು ತೋರಸ್ರಿ ಅಂದೆ.
ವಿಡಿಯೋ ಮಾಡಿ ಇನ್ನೊಂದು ಲಿಂಕು ಕಳಿಸಿದಳು.
ಅರಬಿ ಮಗ್ಗಲಾತು. ಹೆಬ್ಬಟ್ಟು ಕಾಣಿಸ್ತು,
ಬೀಡಿ ಎಲಿ ಕತ್ತರಿಸಿ ಕತ್ತರಿಸಿ ಬಿದ್ದ ಗೆರಿ.
ಹಿಂದೆಲ್ಲೋ ಕುಕ್ಕರ್ ಕೂಗ್ತು.
"ಬಂದ್ ಮಾಡು ಅದನ್ನ" ಅಂದದ್ದೂ ಕೇಳಿಸ್ತು.

ಬಲಗಂಕಳ ಹತ್ತಿರ, ಉಗುರಿನಷ್ಟು ಜಾಗಾದಾಗ
ನನ್ನ ಲೆಕ್ಕ ತಪ್ಪಿತು.
ಅಲ್ಲಿಯ ಎಳಿ ಮಗ್ಗದ್ದಲ್ಲ.
ಗುಲಾಬಿ ದಾರ. ಬೀಡಿಗೆ ಸುತ್ತತಾರಲ್ಲ, ಅದು.
ಒಂದು ಮ್ಯಾಲ, ಒಂದು ತೆಳಗ,
ಬರೇ ಸೂಜೀಲೆ ನೇಯ್ದಾಳ.
ಅಡ್ಡ ಎಂಟು, ಉದ್ದ ಒಂಬತ್ತು.
ಲಾಳಿ ಇಲ್ಲ, ಹಣಿಗಿ ಇಲ್ಲ,
ಒಂದು ಎಳೀನೂ ಸೊಟ್ಟ ಇಲ್ಲ.

ಫೋನ್ ಹಚ್ಚಿದೆ.
"ಕಂಕಳದಾಗ ತೇಪಿ ಐತೆಲ್ಲ, ನೋಡೀರೇನು?"
"ಇಲ್ಲಲ್ಲರಿ," ಅಂದಳು.
ಪೆಟಿಗಿ ಮುಚ್ಚಳದ ಸಪ್ಪಳ ಬಂತು,
ಕಿಡಕಿ ತೆಗೆದ ಸಪ್ಪಳ.
ಎಷ್ಟೊತ್ತಾದರೂ ಮಾತಿಲ್ಲ.
ನಾನೂ ಸುಮ್ಮ ಹಿಡಕೊಂಡು ಕುಂತೆ.
ಕಡೀಕ ನಾನ ಕೇಳಿದೆ, "ಅದನ್ನೂ ನೇಯಲೇನು?"
"ಬ್ಯಾಡ್ರಿ. ನೀವು ಹೂವು ನೇಯ್ರಿ.
ತೇಪಿ ನಾ ಹಾಕ್ಕೋತೀನಿ. ದಾರ ಮನ್ಯಾಗ ಐತಿ."

ಲಿಂಕಿಗೆ ಏಳ ದಿನ ಆಯುಷ್ಯ ಇಟ್ಟಿದ್ದಳು.
ಎಂಟನೇ ದಿನ ಮುಟ್ಟಿದೆ, ಏನೂ ಇಲ್ಲ.
ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ
ಚೌಕ ಹಾಕಿ ಎಲ್ಲಾ ಇಳಿಸಿಕೊಂಡೀನಿ.
ಹಾಸು ಏರಿಸೇತಿ. ಕಾಲು ಕುಣ್ಯಾಗ.
ದೇಟಿಗೆ ಆರು, ಅಂತ ಹೆಂಡತಿ
ಒಳಗಿಂದ ಮತ್ತ ಒದರತಾಳ.