ಎರಡನೇ ಪ್ರತಿ

ಚಿತ್ತಾಪುರದ ಬಿಇಓ ಆಫೀಸಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ.
ಶಹಾಬಾದಿನಿಂದ ಹನ್ನೊಂದರ ಬಸ್ಸಿಗೆ ಬಂದ ಮೋನಮ್ಮ
ಮಗಳ ಕಾರ್ಡು ಚಾಚಿದಳು: ಒಂದು ಪ್ರತಿ.
ತಲೆಗೂದಲಲ್ಲಿ ಇನ್ನೂ ಕಲ್ಲಿನ ಹಿಟ್ಟು.
ಪಾಲಿಶ್ ಮಷೀನಿನ ಮೇಲೆ ದುಡಿಯುವವಳು,
ಎದುರಿಗೇ ನಿಂತರೂ ಒದರಿ ಮಾತಾಡುತ್ತಾಳೆ,
ಯಾರಿಗೂ ಕೇಳಿಸುವುದಿಲ್ಲ ಅಂತ ಮೊದಲೇ ಗೊತ್ತಿದ್ದವಳ ಹಾಗೆ.

"ಹೆಡ್ ಮಾಸ್ತರ್ ಭಾಳ ಛಲೋ ಮನಷ್ಯಾರಿ.
ಹಾಜರಿ ಹಾಕ್ತಾರ, ತತ್ತಿ ಕೊಡ್ತಾರ,
ಮುಂದಿನ ಬೆಂಚಿನ್ಯಾಗ ಕುಂದರಸ್ತಾರ,
ವರ್ಷಾ ವರ್ಷಾ ಮುಂದಿನ ಕ್ಲಾಸಿಗಿ ದೂಡ್ತಾರ.
ಖರೆ, ನಮ್ಮ ಭಾಗ್ಯವಂತಿಗಿ
ತನ್ನ ಹೆಸರು ಬರಿಲಾಕ ಬರಂಗಿಲ್ರಿ."

ಕಿವಿ ಮಷೀನು?
"ಕ್ಯಾಂಪಿನ್ಯಾಗ ಕೊಟ್ಟಾರ. ಟ್ರಂಕಿನ್ಯಾಗ ಅದ.
ಸೆಲ್ ಮುಗದು ಎರಡು ಉಗಾದಿ ಆತು."
ವಿಶೇಷ ಶಿಕ್ಷಕರು ಬರ್ತಾರೇನು ಸಾಲಿಗಿ?
"ಗುರುವಾರಕ್ಕೊಮ್ಮಿ ಬರ್ತಾರಂತ. ಪುಸ್ತಕದಾಗ ಸಹಿ ಅವ."
ನೀ ನೋಡೀಯೇನು?
ಬೆರಳು ಮಡಚಿ ಮಡಚಿ ಎಣಿಸಿದಳು.
ಬೆರಳು ಮುಗಿದವು, ಗುರುವಾರ ಮುಗಿಯಲಿಲ್ಲ.

ಹಾಳೆ ತೆಗೆದು, ಹೇಳು ಬರೀತೀನಿ ಅಂದೆ.
"ಬಡವಿ ಕೈಮುಗಿದು ಬೇಡ್ಕೊಳ್ಳೋದು ಏನಂದ್ರ..."
ಪೆನ್ನು ಅಲ್ಲೇ ನಿಂತಿತು.
ಈ ಮೂರು ಮೊಳದ ಕೌಂಟರಿನ ಮೇಲೆ
ಎಷ್ಟೋ ಅರ್ಜಿ ಹಾದು ಹೋಗಿವೆ, ಎಲ್ಲದರ ಬೆನ್ನೂ ಬಾಗಿದ್ದೇ.
ನನ್ನದೂ ಬಾಗಿತ್ತು, ನನ್ನ ಸಿದ್ರಾಮನ ಸಲುವಾಗಿ.
ಒಂದೇ ಪ್ರತಿ ಬರೆದಿದ್ದೆ, ಕೊಟ್ಟು ಬಂದಿದ್ದೆ.
ಮುಂದಿನ ತಿಂಗಳು ಗುಮಾಸ್ತ ಅಂದ: "ಯಾವ ಅರ್ಜಿ?"
ಆ ಎರಡು ಶಬ್ದಕ್ಕೆ
ನನ್ನ ಮಗನ ಮೂರು ವರ್ಷ ಹೋದವು.

ಬೇಡಬ್ಯಾಡ ಮೋನಮ್ಮ.
ಅವಳಿಗೆ ಕೇಳುವುದಿಲ್ಲ,
ನೀ ಕೇಳು.

ಬರೆದೆವು. ದಿನಾಂಕ, ಹುಡುಗಿಯ ಹೆಸರು, ನಾಲ್ಕನೇ ಇಯತ್ತೆ.
ಯಾವ ಯಾವ ಗುರುವಾರ ಯಾರೂ ಬರಲಿಲ್ಲ.
ಸೆಲ್ಲು ಯಾರು ಕೊಡಬೇಕು, ಎಂದು ಕೊಡುತ್ತಾರೆ.
ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು.
"ದಯಮಾಡಿ ಅಂತ ಒಂದರೆ ಇರಲಿ ಅಕ್ಕಾ" ಅಂದಳು.
ಇರಲಿ ಅಂದೆ.

ಕರೆಂಟು ಹೋಯಿತು.
ಮಷೀನು ಸುಮ್ಮನಾದ ಮೇಲೆ ಅವಳ ದನಿಯೂ ಇಳಿಯಿತು.
"ಕಲ್ಲು ಕೊಯ್ಯೋ ಸಪ್ಪಳದಾಗ ನಾವ್ ಕೈಲೇ ಮಾತಾಡ್ತೀವ್ರಿ":
ತುಟಿಗೆ ಹೆಬ್ಬೆರಳು ಇಟ್ಟರೆ ನೀರು,
ಇಲ್ಲದ ಮೀಸೆ ತಿರುವಿದರೆ ಮುಕಾದಮ ಬಂದ,
ಅಂಗೈ ಕೊಯ್ದಂತೆ ಮಾಡಿದರೆ ಫರ್ಸಿ ಸೀಳಿತು.
"ಭಾಗ್ಯಾಗೂ ಇವೇ ಕಲಿಸೀನಿ. ಮನ್ಯಾಗ ಬಾಯಿ ಮುಚ್ಚಂಗಿಲ್ಲ ನೋಡ್ರಿ ಅಕಿ."
ಬಾಯಿ ಅಂದದ್ದಕ್ಕೆ ತಾನೇ ನಕ್ಕಳು.
"ಸಾಲ್ಯಾಗ ಮಾತ್ರ, ಏನದು ಮಂಗ್ಯಾನಾಟ,
ಕೈ ಕಟ್ಕೊಂಡು ಕೂಡು ಅಂತಾರ."

ಕತ್ತಲಲ್ಲೇ ಕೆಳಗೆ ಇನ್ನೊಂದು ಸಾಲು ಸೇರಿಸಿದೆ:
ನನ್ನ ಮಗಳಿಗೆ ಕೈ ಕಟ್ಟಿ ಕೂರಲು ಹೇಳಬಾರದು.

ಕರೆಂಟು ಬಂತು. ಎರಡನೇ ಪ್ರತಿ ಬಿಸಿಬಿಸಿ ಹೊರಬಿತ್ತು.
ಇದನ್ನ ಅವರಿಗೆ ಬಿಡಬ್ಯಾಡ. ಸಿಕ್ಕಾ ಹಾಕಿಸ್ಕೊಂಡು ಬಾ, ನಂಬರು ಬರಸ್ಕೊಂಡು ಬಾ.
ನಾನು ಬರಬೇಕೇನು? ಬ್ಯಾಡ ಅಂದಳು. ಹೋದಳು.

ಅಂಗಡಿಯಿಂದ ಆಫೀಸಿನ ಕಿಟಕಿ ಕಾಣುತ್ತದೆ, ಮಾತು ಬರುವುದಿಲ್ಲ.
ಗುಮಾಸ್ತನ ಕೈ ಬಾಗಿಲು ತೋರಿಸಿತು, ಇಟ್ಟು ಹೋಗು.
ಅವಳು ನಿಂತಳು. ಎಡ ಅಂಗೈ ಚಾಚಿ
ಅದರ ಮೇಲೆ ಬಲಗೈ ಮುಷ್ಟಿ ಗುದ್ದಿದಳು.
ಅವನು ಫ್ಯಾನು ನೋಡಿದ.
ಮತ್ತೆ ಗುದ್ದಿದಳು.
ಹಿಂದೆ ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು.
ಮತ್ತೆ.

ಒದ್ದೆ ಸಿಕ್ಕಾದ ಮೇಲೆ ಊದುತ್ತ ರಸ್ತೆ ದಾಟಿ ಬಂದಳು.
"ಹದಿನೈದು ದಿನ ಅಂದಾರ.
ಆಗಲಿಲ್ಲಂದ್ರ?"
ಆಗಲಿಲ್ಲಂದ್ರ ಕಲಬುರಗಿಗಿ ಹೋಗೋಣ. ಅದಕ್ಕೂ ಎರಡು ಪ್ರತಿ.

ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು.
ಬ್ಯಾಡ ಅನ್ನಲಿಲ್ಲ ನಾನು,
ಎಣಿಸಿ ತಗೊಂಡೆ.