ಇಳಿತದಲ್ಲಿ ತಣ್ಣಗೆ

ನಾಲ್ಕು ಗಂಟೆಗೆ ಮಡಿಕೇರಿಯಲ್ಲಿ ಪೇಪರ್ ಇಳಿಯುತ್ತದೆ.
ಹನ್ನೊಂದು ಕಟ್ಟು, ಸೆಣಬಿನ ಹಗ್ಗ, ಮಸಿ ಇನ್ನೂ ಹಸಿ.
ಬೊಲೆರೊ ತುಂಬಿಸಿ, ಹೀಟರಿನ ನಾಬ್ ಕೆಂಪಿಗೆ ತಿರುಗಿಸಿ
ಹೊರಡುತ್ತೇನೆ ಭಾಗಮಂಡಲದ ದಾರಿ.

ಊರು ದಾಟುವವರೆಗೆ ಬಿಸಿ,
ದೋಸೆ ಹಂಚಿನ ಪಕ್ಕ ನಿಂತ ಹಾಗೆ.
ಇಳಿತ ಶುರುವಾಗಿ ಕಾಲು ಆಕ್ಸಿಲರೇಟರ್ ಬಿಟ್ಟಿತೋ
ಕಿಂಡಿಯಿಂದ ಬರುವುದು ಶವಾಗಾರದ ಗಾಳಿ.
ಗಾಜಿನ ಹೊರಗೆ ಮಂಜು, ಒಳಗೆ ನನ್ನದೇ ಉಸಿರು.
ಒಂದು ಕೈ ಸ್ಟೇರಿಂಗಿಗೆ, ಒಂದು ಒರೆಸುವ ಬಟ್ಟೆಗೆ,
ಗೇರಿಗೆಂದು ಮೂರನೆಯದನ್ನು ದೇವರು ಕೊಟ್ಟಿಲ್ಲ.

ವಾಪಸು ಬರುವಾಗ ನೋಡಿ,
ಎಂಟರ ಬಿಸಿಲು, ಖಾಲಿ ಗಾಡಿ, ದಾರಿಯೆಲ್ಲ ಏರು,
ಆಗ ಭರ್ರನೆ ಬಿಸಿ. ಬೇಡವೆಂದರೂ ಬಿಸಿ.

ಮೊಯ್ದುವಿನ ವರ್ಕ್‌ಶಾಪ್ ಇರುವುದು ಏರಿನ ತಲೆಯಲ್ಲಿ.
ನನ್ನ ಗಾಡಿಯ ಕಾಯಿಲೆ ಅಲ್ಲಿಗೆ ಬರುವಷ್ಟರಲ್ಲಿ ಗುಣ.
ಕೈಯಿಟ್ಟು ನೋಡಿ ಹೇಳುತ್ತಾನೆ:
‘ಚೆನ್ನಾಗಿದೆಯಲ್ಲ. ಇನ್ನೇನು ಬೇಕು, ಬೆಂಕಿಯೇ?’

ಆದರೂ ಥರ್ಮೋಸ್ಟಾಟ್ ಬದಲಾಯಿತು. ಒಂಬೈನೂರು.
ನಾಬಿನ ಕೇಬಲ್ ಬಿಗಿಯಾಯಿತು. ಇನ್ನೂರು, ಮತ್ತೊಂದು ಚಹಾ.
ಕ್ಯಾಂಟೀನಿನಲ್ಲಿ ತಲೆಗೊಂದು ಮಾತು:
ಬ್ಲೋವರ್ ಎಂದ ಒಬ್ಬ (ಗಾಳಿ ಬರುತ್ತಿದೆಯಲ್ಲ, ಮಾರಾಯ).
ಇಲಿ ಎಂದ ಇನ್ನೊಬ್ಬ.
ಮಾರಿಬಿಡು ಎಂದ ಮೂರನೆಯವ,
ಕೊಳ್ಳುವವನ ಮುಖ ಹೊತ್ತು.

ಕೊನೆಗೆ ನಾನೇ ಅಂದೆ: ‘ಇಲ್ಲಿ ಹುಡುಕಿದರೆ ಸಿಗದು. ನಾಳೆ ಜೊತೆಗೆ ಬಾ.’
ಬಂದ. ಮಂಕಿ ಟೋಪಿ, ಬಾಯಿ ತುಂಬ ಆಕಳಿಕೆ.
ಬೆಟ್ಟಗೇರಿಯ ಇಳಿತದಲ್ಲಿ ಅವನ ಅಂಗೈ ಕಿಂಡಿಯ ಮೇಲಿತ್ತು,
ನಾಡಿ ಹಿಡಿದವನಂತೆ.
‘ಹೋಯಿತು’ ಅಂದ. ‘ರೇಡಿಯೊ ಆರಿಸು.’

ಡ್ಯಾಶ್‌ಬೋರ್ಡಿನ ಹಿಂದೆ
ಬಗ್ಗಿಸಿದ ಬಾಟಲಿಯ ಕತ್ತಿನಲ್ಲಿ ತಡವರಿಸುವ ಸದ್ದು, ಗುಳುಗುಳು.
ತಿಂಗಳಿಂದ ಅದನ್ನು ನಾನು
ರಸ್ತೆ ಬದಿಯ ತೋಡು ಅಂದುಕೊಂಡಿದ್ದೆ.

‘ನೀರಲ್ಲ ಅದು, ನೀರಿಲ್ಲದ್ದು. ಗಾಳಿ ಸಿಕ್ಕಿಕೊಂಡಿದೆ.
ಏರಿನಲ್ಲಿ ಪಂಪು ದಬ್ಬುತ್ತದೆ, ಇಳಿತದಲ್ಲಿ ಕೈಬಿಡುತ್ತದೆ.’

ಗಾಡಿ ತಿರುಗಿಸಿ ಏರಿಗೆ ಮೂತಿ ಮಾಡಿ ನಿಲ್ಲಿಸಿದೆವು.
ಹಿಂದಿನ ಚಕ್ರಕ್ಕೆ ಕಲ್ಲು.
ಬಿಸಿ ಮುಚ್ಚಳಕ್ಕೆ ಕೈ ಹಾಕಬೇಡ ಅಂದ,
ತನ್ನ ಮೊಣಕೈಯ ಹಳೆಯ ಸುಟ್ಟ ಕಲೆ ಟಾರ್ಚಿನಲ್ಲಿ ತೋರಿಸಿದ.
ಆರಲು ಅರ್ಧ ಗಂಟೆ.
ಮಂಜಿನೊಳಗೆ ಯಾರದೋ ಕಾಫಿ ಪಲ್ಪರಿನ ಹುಳಿ ವಾಸನೆ.
ಹನ್ನೊಂದು ಕಟ್ಟು ಲೋಕದ ಸುದ್ದಿ ಹಿಂದೆ ಸುಮ್ಮನೆ ಕೂತಿತ್ತು.
ಒಂದರಿಂದ ಹಾಳೆ ಎಳೆದು ಅವನು ಆಟದ ಪುಟ ಓದಿದ,
ಮಡಿಚಿ ಇದ್ದಲ್ಲೇ ತುರುಕಿದ.

ಮುಚ್ಚಳ ತೆಗೆದು, ಎಂಜಿನ್ ಹಚ್ಚಿ, ಕೂಲೆಂಟ್ ಹೊಯ್ದ, ಲೋಟ ಲೋಟ.
ರಬ್ಬರ್ ಪೈಪನ್ನು ಹಾಲು ಕರೆಯುವಂತೆ ಹಿಂಡಿದ.
ಒಂದು ಗುಳ್ಳೆ.
ತುಂಬ ಹೊತ್ತು ಏನಿಲ್ಲ.
ಮತ್ತೆರಡು. ಆಮೇಲೆ ದೊಡ್ಡದೊಂದು,
ಮದುವೆ ಊಟ ಮುಗಿಸಿದ ಮಾವನ ತೇಗಿನಂಥದು.
ಇಬ್ಬರೂ ನಕ್ಕುಬಿಟ್ಟೆವು.

ಕ್ಲಿಪ್ಪಿನ ಕೆಳಗೊಂದು ಹಸಿರು ಕಲೆ.
ಇಷ್ಟು ದಿನ ಅಲ್ಲೇ ಬೆವರಿದ್ದು,
ನೆಲಕ್ಕೆ ಬೀಳುವ ಮೊದಲೇ ಆರಿಹೋಗುವಷ್ಟು.
ಸ್ಕ್ರೂ ಒಂದು ಸುತ್ತು. ‘ಪೈಪ್ ಹಳತು.
ಮಳೆಗಾಲದವರೆಗೆ ನಡೆಯುತ್ತದೆ. ಆಮೇಲೆ ಬೈಯಬೇಡ.’

ಚೇರಂಬಾಣೆಗೆ ಇಳಿದೆವು, ಇಳಿತವಿಡೀ ಬಿಸಿ.
ಅಂಗಡಿ ಜಗಲಿಯಲ್ಲಿ ಮುದ್ದವ್ವ ಟೀಚರ್,
ಶಾಲು, ಪದಬಂಧಕ್ಕೆ ಚೂಪು ಮಾಡಿಟ್ಟ ಪೆನ್ಸಿಲ್.
ಒರೆಸದ ಗಾಜಿನಲ್ಲಿ ಅವರ ಸಿಟ್ಟು ಪೂರ್ತಿ ಕಂಡಿತು,
ಹುಬ್ಬಿನ ನರೆಗೂದಲ ಸಮೇತ.
‘ಐವತ್ತು ನಿಮಿಷ’ ಅಂದರು.

ಮೊಯ್ದು ಕಿಟಕಿ ಇಳಿಸಿ, ಕಿಂಡಿಯನ್ನು ಅವರತ್ತ ತಿರುಗಿಸಿದ:
‘ಟೀಚರೇ, ಇಲ್ಲಿ ಕೈಯಿಡಿ.’